ಇದ್ದಾಗಿನ ದರ್ಶನ

ಕ್ಷೇತ್ರಯಾತ್ರೆಗೆ ಹೊರಟ ಗಾಡಿ ಎಷ್ಟೋ ಊರುಗಳನ್ನು ಹಾದು ಬರುತ್ತದೆ. ಒಂದು ಊರಲ್ಲಿ ಅಕ್ಕನ ಮನೆ ಇರುತ್ತದೆ, ಇನ್ನೊಂದರಲ್ಲಿ ಸಾಲಿಯೊಳಗೆ ಒಟ್ಟಿಗೆ ಕೂತು ಕಲಿತ ಗೆಳೆಯನ ಮನೆ. "ಬರುವಾಗ ಹೋದರಾಯ್ತು" ಅಂತ ಹೋಗುವಾಗ ಅಂದುಕೊಳ್ಳುತ್ತಾರೆ, ಬರುವಾಗ ರಾತ್ರಿಯಾಗಿರುತ್ತದೆ. ದೇವರ ದರ್ಶನಕ್ಕೆ ಮೂರು ತಾಸು ಸಾಲಿನಲ್ಲಿ ನಿಲ್ಲುವವರಿಗೆ ಅಕ್ಕನ ಮನೆ ಕಟ್ಟೆಯ ಮೇಲೆ ಅರ್ಧ ತಾಸು ಕೂಡಲು ಆಗುವುದಿಲ್ಲ. ಅದೇ ಅಕ್ಕ ತೀರಿಕೊಂಡಳು ಅಂತ ಫೋನ್ ಬಂದರೆ, ಕೈಯಲ್ಲಿನ ಕೆಲಸ ಬಿಟ್ಟು, ಜೀಪು ಬಾಡಿಗೆ ಹಿಡಿದು ಮಣ್ಣಿಗೆ ಹೋಗುತ್ತಾರೆ. ಹೋಗದಿದ್ದರೆ ಜನ ಏನಂತಾರೆ? ಇದ್ದಾಗ ಹೋಗದೇ ಇದ್ದುದಕ್ಕೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ. ಇದು ವಿಚಾರ ಮಾಡತಕ್ಕ ಮಾತು.

ಮಣ್ಣಿಗೆ ಹೋಗುವುದು ತಪ್ಪೆಂದಲ್ಲ. ಅಲ್ಲಿ ಉಳಿದವರಿಗೆ ಧೈರ್ಯ ಹೇಳುವುದು ಇರುತ್ತದೆ. ಆದರೆ ಯಾರ ಸಲುವಾಗಿ ಹೋದರೋ ಅವರಿಗೆ ಬಂದದ್ದೇ ತಿಳಿಯುವುದಿಲ್ಲ.

ಚಿಟಗುಪ್ಪದ ಒಬ್ಬ ನಿವೃತ್ತ ಮಾಸ್ತರರು ಮತ್ತು ಅವರ ಪತ್ನಿ ಈ ವಿಚಾರಕ್ಕೆ ಬಂದದ್ದು 2021ರ ನಂತರ. ಕೊರೊನಾದ ಎರಡನೆಯ ಅಲೆಯಲ್ಲಿ ಅವರ ಬಳಗದ ನಾಲ್ಕು ಮಂದಿ ಹೋದರು. ಒಬ್ಬರ ಮಣ್ಣಿಗೂ ಹೋಗಲಾಗಲಿಲ್ಲ. "ಕಡೀಗೆ ಮಾರಿ ನೋಡೋದು ಇದ್ದೇ ಅದ ಅಂತ ಇಟ್ಟಿದ್ದೆವು, ಅದೂ ಹೋಯ್ತು ನೋಡ್ರಿ" ಎಂದರು ಆ ತಾಯಿ. ಒಂದು ನೋಟುಬುಕ್ಕಿನಲ್ಲಿ ಬದುಕಿರುವವರ ಹೆಸರು ಬರೆದರು. ಹತ್ತೊಂಬತ್ತು ಹೆಸರಾದವು. ಮಗ ಬಿಟ್ಟುಹೋದ ಹಳೆಯ ಮಾರುತಿ ಗಾಡಿ ಮನೆ ಮುಂದೆ ಇತ್ತು. ಮಾಸ್ತರರೇ ನಡೆಸಿದರು, ನಿಧಾನಕ್ಕೆ, ಕತ್ತಲಾಗುವುದರೊಳಗೆ ಊರು ಮುಟ್ಟುವ ಹಾಗೆ.

ಹೆಸರುಗಳು ಮೂರು ರಾಜ್ಯದಲ್ಲಿ ಹರಡಿದ್ದವು. ಇದರಲ್ಲಿ ಆಶ್ಚರ್ಯವಿಲ್ಲ. ನಿಜಾಮರ ಕಾಲದ ಬೀದರ ಜಿಲ್ಲೆ ದೊಡ್ಡದಿತ್ತು. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ಆದಾಗ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬೈ ರಾಜ್ಯಕ್ಕೆ ಹೋದವು. ನಾರಾಯಣಖೇಡ, ಜಹೀರಾಬಾದ ಆಂಧ್ರಕ್ಕೆ ಹೋದವು. ಜಹೀರಾಬಾದ ತಾಲ್ಲೂಕಿನಲ್ಲಿ ನಿರ್ಣಾ ಸರ್ಕಲ್ ಒಂದು ಮಾತ್ರ ಇತ್ತ ಉಳಿಯಿತು. ಗಡಿ ಹಾಕಿದವರು ಭಾಷೆ ನೋಡಿ ಹಾಕಿದರು, ಬೀಗರನ್ನು ನೋಡಿ ಹಾಕಲು ಬರುವುದಿಲ್ಲವಲ್ಲ! ಒಂದೇ ಜಿಲ್ಲೆಯೊಳಗೆ ಕೊಟ್ಟು ತಂದ ಮನೆಗಳು ಮುಂದೆ ಬೇರೆ ಬೇರೆ ರಾಜ್ಯದವಾದವು. ಮೊಮ್ಮಕ್ಕಳ ಸಾಲಿಗಳೂ ಬೇರೆಯಾದವು.

ಹೊರಡುವಾಗ ಇಬ್ಬರೂ ಒಂದು ನಿಯಮ ಮಾಡಿಕೊಂಡಿದ್ದರು. ಯಾರ ಮನೆಯಲ್ಲೂ ಒಪ್ಪತ್ತಿನ ಊಟಕ್ಕಿಂತ ಹೆಚ್ಚು ಬೇಡ, ವಸ್ತಿ ಬೇಡ, ಆಹೇರ ಕೊಡುವುದು ತಗೊಳ್ಳುವುದು ಬೇಡ. ಈಗಿನ ಕಾಲದಲ್ಲಿ ಇನ್ನೊಬ್ಬರಿಗೆ ಭಾರವಾಗಬಾರದು ಎಂಬುದು ಅವರ ಭಾವನೆ. ಮನ್ನಾಎಖ್ಖೆಳ್ಳಿಯಿಂದ ಹೆದ್ದಾರಿ ಹಿಡಿದು ಜಹೀರಾಬಾದಿಗೆ ಹೋದ ಮೊದಲ ದಿನವೇ ಆ ನಿಯಮ ಮುರಿಯಿತು. ಮಾಸ್ತರರ ಅಕ್ಕನಿಗೆ ಎಂಬತ್ತು ದಾಟಿದೆ. "ಒಂದ್ ರಾತ್ರಿ ಇರ್ಲಾಕ ನನ್ನ ಮನಿ ಹಾಸಿಗಿ ಸೇರಂಗಿಲ್ಲೇನು ತಮ್ಮಾ?" ಎಂದು ಅತ್ತುಬಿಟ್ಟರು. ಭಾರವಾಗಬಾರದು ಎನ್ನುವುದು ಒಳ್ಳೆಯ ಗುಣ ಹೌದು. ಆದರೆ ಮಾಡುವವರ ಕೈಗೆ ಮಾಡಲಿಕ್ಕೇ ಬಿಡದಿದ್ದರೆ ಅದರಲ್ಲೂ ಒಂದು ಸೊಕ್ಕು ಇರುತ್ತದೆ. ಅವರು ಎರಡು ರಾತ್ರಿ ನಿಂತರು. ಮರಿಮೊಮ್ಮಕ್ಕಳು ತೆಲುಗು ಮಾತಾಡಿದವು, ಇವರು ಕನ್ನಡ. ಈ ಸೀಮೆಯ ದಖ್ಖನಿ ಹಿಂದಿ ನಡುವೆ ಬಂದು ಕೆಲಸ ನಡೆಸಿಕೊಟ್ಟಿತು.

ಬೀದರ, ಭಾಲ್ಕಿ ಕಡೆಯ ಮನೆಗಳಲ್ಲಿ ಚಹಾ, ಚುರುಮುರಿ, ಹಳೆಯ ಮಾತು, ಇಷ್ಟೇ. ಕಠಿಣವಾದದ್ದು ಉದಗೀರದಲ್ಲಿ ಎದುರಾಯಿತು. ಚಿಟಗುಪ್ಪದ ಸಾಲಿಯಲ್ಲಿ ಜೊತೆಗೆ ಓದಿದ ಗೆಳೆಯ, ಅಡತಿ ಅಂಗಡಿಯ ಲೆಕ್ಕ ಬರೆಯಲು ಹೋಗಿ ಅಲ್ಲೇ ನೆಲೆಸಿದವರು. ಫೋನಿನಲ್ಲಿ ಅವರ ಮನೆಯವರು "ಆರಾಮ ಅದಾರ" ಅಂತ ಹೇಳುತ್ತ ಬಂದಿದ್ದರು. ಹೋಗಿ ನೋಡಿದರೆ ಮರೆವಿನ ರೋಗ ಬಂದು ಎರಡು ವರ್ಷವಾಗಿದೆ. ಗೆಳೆಯ ಎದ್ದು ನಿಂತು ಕೈ ಮುಗಿದು, "ಬರ್ರಿ ಸಾಹೇಬ್ರ, ಕುಂದುರ್ರಿ" ಎಂದು ಕುರ್ಚಿ ತೋರಿಸಿದರು. ಐವತ್ತು ವರ್ಷ "ಲೇ" ಎಂದು ಕರೆದ ಬಾಯಿ ಅದು. ಮಾಸ್ತರರು ಸಾಹೇಬರ ಹಾಗೆಯೇ ಕೂತರು.

ಗುರುತು ಹಿಡಿಯದವನ ಹತ್ತಿರ ಹೋದದ್ದು ವ್ಯರ್ಥವೇ? ದಾರಿಯಲ್ಲಿ ಮಾಸ್ತರರಿಗೂ ಹಾಗೇ ಅನ್ನಿಸಿತ್ತು. ಅವರ ಪತ್ನಿ ಬೇರೆ ಲೆಕ್ಕ ಹೇಳಿದರು. ಒಳಗೆ ಅಡಿಗೆಮನೆಯಲ್ಲಿ ಗೆಳೆಯನ ಹೆಂಡತಿ ಎರಡು ತಾಸು ಮಾತಾಡಿದ್ದರು. ರಾತ್ರಿ ಬಾಗಿಲು ತೆಗೆದು ಹೊರಗೆ ನಡೆಯುವ ಗಂಡನ ಕಾಲಿಗೆ ಗೆಜ್ಜೆ ಕಟ್ಟಿ ಮಲಗುವುದು, ತಮ್ಮನ್ನೇ "ನೀ ಯಾರವ್ವಾ?" ಅಂತ ಕೇಳುವುದು, ಇದನ್ನೆಲ್ಲ ಯಾರ ಮುಂದೆಯೂ ಆಡಿರಲಿಲ್ಲ. ಬಂದವರೆಲ್ಲ ಅವರನ್ನು ನೋಡಿ ಅಯ್ಯೋ ಎಂದು ಹೋಗುತ್ತಿದ್ದರು, "ನೀ ಹ್ಯಾಂಗ ಇದ್ದೀ?" ಎಂದು ಈಕೆಯನ್ನು ಕೇಳಿದವರಿರಲಿಲ್ಲ. ಫೋನಿನಲ್ಲಿ ಈ ಮಾತು ಬರುವುದಿಲ್ಲ, ಪಕ್ಕದಲ್ಲಿ ಕೂತು ರೊಟ್ಟಿಗೆ ಹಿಟ್ಟು ಕಲಸಿಕೊಡುವಾಗ ಬರುತ್ತದೆ.

ಮಹಾಭಾರತದ ಆಶ್ರಮವಾಸಿಕ ಪರ್ವದಲ್ಲಿ ಒಂದು ಪ್ರಸಂಗವಿದೆ. ಧೃತರಾಷ್ಟ್ರ, ಗಾಂಧಾರಿ, ಕುಂತಿ ಕಾಡಿಗೆ ಹೋಗಿ ವಾಸವಾಗಿರುತ್ತಾರೆ. ಪಾಂಡವರಿಗೆ ತಾಯಿಯ ಚಿಂತೆ ಹತ್ತಿ, ರಾಜ್ಯದ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಪರಿವಾರ ಕಟ್ಟಿಕೊಂಡು ಹೋಗಿ ಅಲ್ಲಿ ತಿಂಗಳಿಗೂ ಮೇಲೆ ಇದ್ದು ಬರುತ್ತಾರೆ. ಅದಾಗಿ ಎರಡು ವರ್ಷಕ್ಕೆ ನಾರದರು ಸುದ್ದಿ ತರುತ್ತಾರೆ, ಕಾಡುಗಿಚ್ಚಿನಲ್ಲಿ ಮೂವರೂ ಹೋದರೆಂದು. ಧರ್ಮರಾಯ ಬಹಳ ಅಳುತ್ತಾನೆ. ಆದರೂ ಆ ಒಂದು ತಿಂಗಳು ಅವನಿಗಿತ್ತು. ಪಟ್ಟದ ಕೆಲಸ ತೀರಲಿ ಅಂತ ಕೂತಿದ್ದರೆ ಅದೂ ಇರುತ್ತಿರಲಿಲ್ಲ.

ನೋಟುಬುಕ್ಕಿನ ಕಡೆಯ ಹೆಸರು ಆ ತಾಯಿಯ ಸ್ವಂತ ಅಣ್ಣನದು. ಬಸವಕಲ್ಯಾಣದ ಕಡೆ ಒಂದು ಹಳ್ಳಿ. ತಂದೆಯ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಮಗಳಿಗೂ ಇದೆ ಎಂದು 2005ರಲ್ಲಿ ದೇಶಕ್ಕೆಲ್ಲ ಕಾನೂನು ತಿದ್ದುಪಡಿಯಾಯಿತು. ಅಣ್ಣ ಬಿಡುಗಡೆ ಪತ್ರಕ್ಕೆ ಸಹಿ ಕೇಳಿದ, ಈಕೆ ಹಾಕಲಿಲ್ಲ. ಅಂದಿನಿಂದ ಪಂಚಮಿಗೆ ಕರೆಯಲು ಯಾರೂ ಬರಲಿಲ್ಲ. ಪಾಲಿನ ದಾವೆ ಕೋರ್ಟಿನಲ್ಲಿದೆ.

ಇಲ್ಲಿ ಜನ ಎರಡು ರೀತಿ ಹೇಳುತ್ತಾರೆ. ತವರು ಬೇಕಾದರೆ ಪಾಲು ಬಿಡಬೇಕು ಎನ್ನುವುದು ಒಂದು. ಇದು ನ್ಯಾಯವಲ್ಲ, ಸಹಿ ಕೊಟ್ಟು ಕೊಳ್ಳುವಂಥದ್ದು ತವರಾಗುವುದಿಲ್ಲ. ತಪ್ಪು ಮಾಡಿದವನೇ ಮೊದಲು ಬರಲಿ ಎನ್ನುವುದು ಇನ್ನೊಂದು. ಇದು ನ್ಯಾಯ ಹೌದು. ಆದರೆ ಅಣ್ಣನಿಗೆ ಎಪ್ಪತ್ತಾರು. ಅವನು ಬರುವತನಕ ಕಾಯುತ್ತ ಕೂತರೆ ಮಣ್ಣಿಗೇ ಹೋಗಬೇಕಾಗುತ್ತದೆ. ಹಕ್ಕು ಬೇರೆ, ಮಾರಿ ನೋಡುವುದು ಬೇರೆ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಗಾಡಿ ನಿಂತಾಗ ಅಣ್ಣ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದ, ತಲೆ ಎತ್ತಲಿಲ್ಲ. "ಅಣ್ಣಾ, ಕೇಸು ಹಿಂದಕ್ಕ ತಗೊಳ್ಳಾಕ ಬಂದಿಲ್ಲ. ನಿನ್ನ ನೋಡಾಕ ಬಂದೀನಿ" ಎಂದರು. ಬಹಳ ಹೊತ್ತು ಮೊರದ ಸಪ್ಪಳ ಒಂದೇ. ಆಮೇಲೆ ಅವನು ಒಳಗೆ ನೋಡಿ, "ಚಹಾ ಇಡು" ಎಂದ. ಹೊಲದ ಮಾತು ಇಬ್ಬರೂ ಎತ್ತಲಿಲ್ಲ. ಮೊಣಕಾಲು ನೋವಿನ ಮಾತು, ತೀರಿಹೋದ ತಾಯಿಯ ಮಾತು ನಡೆಯಿತು. ಹೊರಡುವಾಗ ವೈನಿ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಿದರು. ಅಣ್ಣ ಗಾಡಿಯತನಕ ಬಂದು ಟಯರು ಒದ್ದು ನೋಡಿ, "ಗಾಳಿ ಕಡಿಮಿ ಅದ, ಹುಮನಾಬಾದಿನಾಗ ಹಾಕಿಸ್ರಿ" ಎಂದು ಮಾಸ್ತರರಿಗೆ ಹೇಳಿದ. ತಂಗಿಗೆ ಏನೂ ಹೇಳಲಿಲ್ಲ. ಈ ಸಲ ಪಂಚಮಿಗೆ ಕರೆಯಲು ಬರುತ್ತಾನೋ ಇಲ್ಲವೋ, ಶ್ರಾವಣ ಬಂದ ಮೇಲೆ ಗೊತ್ತಾಗಬೇಕು.