ಹಾಲಿನ ಕೊಳ

ಊರವರೆಲ್ಲ ರಾತ್ರಿ ಕೊಳಕ್ಕೆ ಒಂದೊಂದು ಚೆಂಬು ಹಾಲು ಸುರಿಯಬೇಕೆಂದು ರಾಜ ಹೇಳಿದ. ‘ಅಷ್ಟು ಹಾಲಿನಲ್ಲಿ ನನ್ನ ಚೆಂಬು ನೀರು ಯಾರಿಗೆ ತಿಳಿದೀತು?’ ಎಂದುಕೊಂಡರು ಎಲ್ಲರೂ. ಬೆಳಗಾದರೆ ಕೊಳದ ತುಂಬ ನೀರು!

ಬಾಲ್ಯದಲ್ಲಿ ಈ ಕಥೆಗೆ ನಕ್ಕಿದ್ದೆ. ಹೋದ ಬೇಸಿಗೆಯಲ್ಲಿ ನಮ್ಮೂರ ಕೆರೆಯ ಹೂಳೆತ್ತುವಾಗ ನೆಪ ಹೇಳಿ ಮನೆಯಲ್ಲೇ ಉಳಿದೆ. ಮಳೆಗಾಲದಲ್ಲಿ ನನ್ನ ಬಾವಿಗೂ ನೀರು ಬಂತು. ಗುದ್ದಲಿ ಹಿಡಿದವರು ಯಾರೆಂದು ನೀರು ಕೇಳುವುದಿಲ್ಲ.

ಅರ್ಥಶಾಸ್ತ್ರದಲ್ಲಿ ನನ್ನಂಥವರಿಗೆ ‘ಫ್ರೀ ರೈಡರ್’ ಎನ್ನುತ್ತಾರೆ. ಒತ್ತಾಯವೋ ಪ್ರತ್ಯೇಕ ಲಾಭವೋ ಇಲ್ಲದಿದ್ದರೆ ದೊಡ್ಡ ಗುಂಪಿನಲ್ಲಿ ಲೆಕ್ಕ ಬಲ್ಲವನು ದುಡಿಯುವುದಿಲ್ಲವೆಂದು 1965ರಲ್ಲಿ ಮ್ಯಾನ್ಸರ್ ಓಲ್ಸನ್ ವಾದಿಸಿದರು. ತಾವೇ ನಿಯಮ ಮಾಡಿಕೊಂಡು, ಒಬ್ಬರ ಮೇಲೊಬ್ಬರು ಕಣ್ಣಿಟ್ಟ ಜನ ನೀರು, ಹುಲ್ಲುಗಾವಲುಗಳನ್ನು ಶತಮಾನಗಳ ಕಾಲ ಉಳಿಸಿಕೊಂಡದ್ದನ್ನು 1990ರಲ್ಲಿ ಎಲಿನಾರ್ ಆಸ್ಟ್ರಾಮ್ ತೋರಿಸಿದರು.

ಕೊಳದ ಬಳಿ ದೀಪವಿದ್ದಿದ್ದರೆ ಹಾಲೇ ತುಂಬುತ್ತಿತ್ತೇನೋ. ಆದರೆ ನನ್ನ ಚೆಂಬಿನಲ್ಲಿ ಏನಿತ್ತೆಂದು ತಿಳಿಯಲು ನನಗೆ ದೀಪ ಬೇಕಿತ್ತೇ?