ಮೂಲೆಯ ಚೌಕ

ಬೆಳಗಿನ ಐದೂವರೆ. ಹಾಲಿನವನು ಇನ್ನೂ ಬಂದಿಲ್ಲ. ದ್ವಿತೀಯ ಪಿಯುಸಿ ಓದುವ ಮಗಳು ಶಾಲು ಹೊದ್ದು ಡೆರಿವೇಟಿವ್ ಲೆಕ್ಕಗಳ ಮುಂದೆ ಕೂತಿದ್ದಾಳೆ. ಇದ್ದಕ್ಕಿದ್ದಂತೆ ತಲೆಯೆತ್ತಿ, "ಅಪ್ಪಾ, ಎರಡು ಪದ ಕೂಡಿಸಿದ್ರೆ ಒಂದೊಂದರ ಡೆರಿವೇಟಿವ್ ತಗೊಂಡು ಕೂಡಿಸ್ತೀವಿ. ಗುಣಿಸಿದ್ರೂ ಹಾಗೇ ಮಾಡಿದ್ರೆ ಆಗಲ್ವಾ?" ಎಂದಳು.

ತಪ್ಪು ಎನ್ನಲು ಹೊರಟವನು ತಡೆದೆ. 1675ರ ನವೆಂಬರಿನಲ್ಲಿ ಪ್ಯಾರಿಸ್‌ನಲ್ಲಿದ್ದ ಲೈಬ್ನಿಟ್ಸ್ ತನ್ನ ಟಿಪ್ಪಣಿಯಲ್ಲಿ ಇದೇ ಪ್ರಶ್ನೆ ಕೇಳಿಕೊಂಡಿದ್ದ. ಕಲನಶಾಸ್ತ್ರ ಕಟ್ಟಿದವನಿಗೇ ಬಂದ ಅನುಮಾನ! ಉದಾಹರಣೆ ಹಾಕಿ ನೋಡಿ, ಅದು ಹಾಗಲ್ಲವೆಂದು ಕಂಡುಕೊಂಡ. ಅವನ ನಿಯಮಗಳು ಅಚ್ಚಾದದ್ದು 1684ರಲ್ಲಿ.

"ಎಕ್ಸನ್ನು ಎಕ್ಸ್‌ನಿಂದಲೇ ಗುಣಿಸಿ ನೋಡು" ಎಂದೆ. ಅವಳ ದಾರಿಯಲ್ಲಿ ಉತ್ತರ 1 ಬಂತು. ಎಕ್ಸ್ ವರ್ಗದ ಡೆರಿವೇಟಿವ್ 2ಎಕ್ಸ್ ಎಂಬುದು ಅವಳಿಗೆ ಗೊತ್ತೇ ಇತ್ತು. ಮಾತಿಲ್ಲದೆ ರಬ್ಬರ್ ಎತ್ತಿಕೊಂಡಳು.

ಅವಳು ಅಳಿಸುತ್ತಿರುವಾಗ ನಾನು ಬಾಗಿಲಾಚೆಯ ಅಂಗಳ ನೋಡುತ್ತಿದ್ದೆ. ಉದ್ದವನ್ನು ಅಗಲದಿಂದ ಗುಣಿಸಿದರೆ ಅದರ ವಿಸ್ತೀರ್ಣ, ಅದೂ ಒಂದು ಗುಣಾಕಾರವೇ. ಉದ್ದ 10 ಮೀಟರ್, ಅಗಲ 6 ಮೀಟರ್ ಎಂದಿಟ್ಟುಕೊಳ್ಳೋಣ. ಎರಡನ್ನೂ 10 ಸೆಂಟಿಮೀಟರ್ ಬೆಳೆಸಿದರೆ ಒಂದು ಬದಿಗೆ 0.6 ಚದರ ಮೀಟರಿನ ಪಟ್ಟಿ, ಇನ್ನೊಂದು ಬದಿಗೆ 1 ಚದರ ಮೀಟರಿನ ಪಟ್ಟಿ ಸೇರುತ್ತದೆ. ಎರಡೂ ಕೂಡುವ ಮೂಲೆಯಲ್ಲಿ ಅಂಗೈಯಗಲದ ಒಂದು ಚೌಕ, ಬರೀ 0.01. ಬೆಳೆಸುವುದನ್ನು ಕಿರಿದಾಗಿಸುತ್ತ ಹೋದಂತೆ ಪಟ್ಟಿಗಳಿಗಿಂತ ಬೇಗ ಕರಗುವುದು ಈ ಚೌಕ. ಕೊನೆಗೆ ಲೆಕ್ಕಕ್ಕೆ ಉಳಿಯುವುದು ಆ ಎರಡು ಪಟ್ಟಿಗಳೇ. ಎರಡು ಬದಲಾವಣೆಗಳನ್ನು ಪರಸ್ಪರ ಗುಣಿಸಿದವರು ಹಿಡಿದದ್ದು ಮೂಲೆಯ ಚೌಕವನ್ನು, ಬಿಟ್ಟದ್ದು ಉದ್ದನೆಯ ಪಟ್ಟಿಗಳನ್ನು.

ಮೊದಲನೆಯದನ್ನು ಹಾಗೇ ಇಟ್ಟು ಎರಡನೆಯದರ ಡೆರಿವೇಟಿವ್, ಎರಡನೆಯದನ್ನು ಹಾಗೇ ಇಟ್ಟು ಮೊದಲನೆಯದರ ಡೆರಿವೇಟಿವ್. ಗುಣಾಕಾರದ ನಿಯಮವೆಂದು ಕ್ಲಾಸಿನಲ್ಲಿ ನಾವು ರಾಗವಾಗಿ ಒಪ್ಪಿಸುತ್ತಿದ್ದ ಸಾಲು ಇದು. 'ಹಾಗೇ ಇಟ್ಟು' ಎಂಬ ಮಾತಿನ ತೂಕ ಆಗ ತಿಳಿದಿರಲಿಲ್ಲ. ಉದ್ದ ಬೆಳೆದದ್ದು ಹತ್ತೇ ಸೆಂಟಿಮೀಟರ್. ಅದು ಪಟ್ಟಿಯಾದದ್ದು ಆರು ಮೀಟರ್ ಅಗಲ ಅಲುಗದೆ ನಿಂತಿದ್ದರಿಂದ.

ಒಳಗೆ ಅವಳಮ್ಮ ಸದ್ದಾಗದಂತೆ ಒಲೆ ಹಚ್ಚುತ್ತಿದ್ದಳು. ಮಗಳು ಕಲಿತದ್ದು ಇಂದು ಒಂದೇ ನಿಯಮ. ಆ ಕಲಿಕೆಯ ಬದಿಗೆ ಯಾರ್ಯಾರು ಅಲುಗದೆ ನಿಂತಿದ್ದಾರೆಂಬುದು ಉತ್ತರ ಪತ್ರಿಕೆಯಲ್ಲಿ ಕಾಣುವುದಿಲ್ಲ.

ಇಪ್ಪತ್ತು ಲೆಕ್ಕ ಮಾಡಿದ ಮೇಲೆ ನಿಯಮ ಬಾಯಿಂದ ಕೈಗೆ ಇಳಿಯುತ್ತದೆ, ನಿಜ. ಆದರೆ ಅದು ಕಣ್ಣಿಗೂ ಇಳಿಯಬೇಕು. ನಾಳೆ ಪುಸ್ತಕ ತೆರೆಯುವ ಮಕ್ಕಳೇ, ಮೊದಲ ಲೆಕ್ಕಕ್ಕೆ ಮುಂಚೆ ಒಂದು ಆಯತ ಬರೆದು, ಅದರ ಎರಡು ಪಟ್ಟಿಗಳನ್ನು ಗುರುತಿಸಿ. ಆಮೇಲೆ ಪೆನ್ಸಿಲ್ ಓಡಲಿ.