ನಿನ್ನೆ ಬರಲಿಲ್ಲವಲ್ಲ?

ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ವಿಟ್‌ಸ್ಟಬಲ್ ಎಂಬ ಪುಟ್ಟ ಕಡಲೂರಿದೆ. ಆಯ್‌ಸ್ಟರ್ ಚಿಪ್ಪುಮೀನಿಗೆ ಹೆಸರಾದ ಊರು. ದಂಡೆಯಲ್ಲಿ ಮರಳಿಗಿಂತ ಉರುಟುಕಲ್ಲೇ ಹೆಚ್ಚು. ಹೆಜ್ಜೆಯಿಟ್ಟಲ್ಲೆಲ್ಲ ಕರಕರ ಸದ್ದು. ಆ ಕಲ್ಲುಗಳ ನಡುವೆಯೇ, ಕಡಲಿಗೆ ಎದೆಯೊಡ್ಡಿ, ಬಿಳಿ ಹಲಗೆಯ ಮನೆಯೊಂದು ನಿಂತಿದೆ. ಅದು ‘ಓಲ್ಡ್ ನೆಪ್ಚೂನ್’ ಪಬ್. ರೋಮನ್ನರ ಕಡಲ ದೇವರ ಹೆಸರು ಅದಕ್ಕೆ. ಊರವರ ಬಾಯಲ್ಲಿ ಅದು ಬರೀ ‘ನೆಪ್ಪಿ’.

ಪಬ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಮಬ್ಬು ದೀಪ, ಕಿವಿಗಡಚಿಕ್ಕುವ ಸಂಗೀತ. ಅದನ್ನೇ ಎಣಿಸಿಕೊಂಡು ಹಿಂಜರಿಯುತ್ತ ಬಾಗಿಲು ತಳ್ಳಿದೆ. ಒಳಗೆ ವಾಲಿದ ಹಳೆಯ ಮರದ ನೆಲ, ಕಿಟಕಿಯಾಚೆ ಬೂದುಬಣ್ಣದ ನೀರು. ನನ್ನ ಬೆನ್ನಿಗೇ ಹಿರಿಯರೊಬ್ಬರು ಒದ್ದೆ ಕೋಟು, ಒದ್ದೆ ನಾಯಿಯೊಂದಿಗೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ಕೌಂಟರಿನಲ್ಲಿದ್ದಾಕೆ ನಾಯಿಗೆ ನೀರಿನ ಬಟ್ಟಲಿಟ್ಟು, ಗ್ಲಾಸು ಕೈಗೆತ್ತಿಕೊಂಡು, “ನಿನ್ನೆ ಬರಲಿಲ್ಲವಲ್ಲ?” ಎಂದಳು. ಅವರು ನಕ್ಕು, “ಮೊದಲು ಇವರದ್ದಾಗಲಿ” ಎಂದು ನನ್ನತ್ತ ಕೈ ತೋರಿದರು. ಅಲ್ಲಿ ಸಾಲು ನಿಲ್ಲುವ ಪದ್ಧತಿಯಿಲ್ಲ. ಆದರೂ ಯಾರು ಮೊದಲು ಬಂದವರೆಂಬುದನ್ನು ಎಲ್ಲರೂ ಗಮನಿಸಿರುತ್ತಾರೆ. ಕುಡಿಯುವ ಅಭ್ಯಾಸ ನನಗಿಲ್ಲ. ನಿಂಬೆಹಣ್ಣಿನ ಸೋಡಾ ಕೇಳಿದೆ. ಯಾಕೆಂದು ಯಾರೂ ಹುಬ್ಬೇರಿಸಲಿಲ್ಲ.

‘ಪಬ್ಲಿಕ್ ಹೌಸ್’ ಎಂಬುದೇ ಮೊಟಕಾಗಿ ಪಬ್ ಆದದ್ದು. ಅಂದರೆ ಎಲ್ಲರ ಮನೆ. ಕಡಲೂರುಗಳ ಪಬ್ಬಿನ ಕೌಂಟರಿನ ಮೇಲೆ ದೋಣಿಯಾಕಾರದ ಕಾಣಿಕೆ ಡಬ್ಬಿ ಇಡುವುದುಂಟು. ಕಡಲಲ್ಲಿ ಸಿಕ್ಕಿಬಿದ್ದವರನ್ನು 1824ರಿಂದ ಕಾಪಾಡುತ್ತ ಬಂದಿರುವ ಲೈಫ್‌ಬೋಟ್ ಸಂಸ್ಥೆಗೆ ಅದರಲ್ಲಿ ಚಿಲ್ಲರೆ ಬೀಳುತ್ತದೆ. ಮೀನು ಹಿಡಿಯಲು ಹೋದವರು ಮರಳಿ ಬರಲೆಂಬ ಹರಕೆಯೂ ಆ ಮನೆಯದೇ.

1897ರ ಬಿರುಗಾಳಿಯಲ್ಲಿ ಕಡಲು ನೆಪ್ಪಿಯನ್ನು ಕೊಚ್ಚಿಕೊಂಡು ಹೋಯಿತು. ಅಳಿದುಳಿದ ಮರವನ್ನೇ ಬಳಸಿ ಅದನ್ನು ಮತ್ತೆ ಎಬ್ಬಿಸಿದರು. ಇಂದಿನ ಹೊಡೆತ ಕಡಲಿನದ್ದಲ್ಲ. ಬಾಡಿಗೆ, ತೆರಿಗೆ, ಕರೆಂಟ್ ಬಿಲ್ಲು ಏರಿವೆ. ಸೂಪರ್‌ಮಾರ್ಕೆಟ್ಟಿನ ಅಗ್ಗದ ಬಾಟಲಿ ಮನೆಯ ಸೋಫಾದವರೆಗೂ ಬಂದಿದೆ. ಇಂಗ್ಲೆಂಡಿನ ಹಳೆಯ ಪಬ್ಬುಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ.

ಆದರೂ ಅಲ್ಲಿಯ ಜನ ಕೈಕಟ್ಟಿ ಕೂತಿಲ್ಲ. ಪೀಪಾಯಿಯಲ್ಲೇ ಹದಗೊಳ್ಳುವ ಸಾಂಪ್ರದಾಯಿಕ ಬಿಯರ್ ಮರೆಯಾಗುತ್ತಿದೆಯೆಂದು 1971ರಲ್ಲಿ ನಾಲ್ವರು ಗೆಳೆಯರು ಆಂದೋಲನ ಹೂಡಿದರು. ವಿಟ್‌ಸ್ಟಬಲ್‌ಗೆ ಹತ್ತಿರದ ಹರ್ನ್ ಎಂಬ ಹಳ್ಳಿಯಲ್ಲಿ 2005ರಲ್ಲಿ ಒಬ್ಬರು ಮಾಂಸದಂಗಡಿಯಾಗಿದ್ದ ಒಂದೇ ಕೋಣೆಯಲ್ಲಿ ಪುಟಾಣಿ ಪಬ್ ತೆರೆದರು. ಸಂಗೀತವಿಲ್ಲ, ಟಿ.ವಿ. ಇಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತಾಡಲೇಬೇಕು. ‘ಮೈಕ್ರೋಪಬ್’ ಎಂಬ ಆ ಮಾದರಿ ದೇಶವಿಡೀ ಹಬ್ಬಿತು. ಊರವರು ತಮ್ಮ ಪಬ್ಬನ್ನು ‘ಸಮುದಾಯದ ಆಸ್ತಿ’ ಎಂದು ಪಟ್ಟಿಗೆ ಸೇರಿಸುವ, ಮಾರಾಟಕ್ಕೆ ಬಂದರೆ ಕೊಳ್ಳಲು 6 ತಿಂಗಳು ಹಣ ಹೊಂದಿಸಿಕೊಳ್ಳುವ ಅವಕಾಶವನ್ನು 2011ರ ಕಾಯ್ದೆ ಕೊಟ್ಟಿತು.

ಕುಡಿತದಿಂದ ಸಂಸಾರಗಳು ಬೀದಿಗೆ ಬಿದ್ದದ್ದನ್ನು ನಾವೆಲ್ಲ ಕಂಡಿದ್ದೇವೆ. ಇಂಗ್ಲೆಂಡಿನವರೂ ಕಂಡಿದ್ದಾರೆ. ಆ ನೋವನ್ನು ನಾನು ಕಡೆಗಣಿಸಲಾರೆ. ಆದರೆ ಆ ಹಿರಿಯರು ಮಳೆಯಲ್ಲಿ ನಡೆದು ಬಂದದ್ದು ಬರೀ ಗ್ಲಾಸಿಗಾಗಿ ಎನ್ನಲು ಮನಸ್ಸು ಒಪ್ಪುವುದಿಲ್ಲ. ಬಿಯರ್ ಮನೆಯಲ್ಲೂ ಸಿಗುತ್ತದೆ. “ನಿನ್ನೆ ಬರಲಿಲ್ಲವಲ್ಲ?” ಎಂದು ಕೇಳುವವರು ಅಲ್ಲಿ ಮಾತ್ರ ಸಿಗುತ್ತಾರೆ. ಇಳಿವಯಸ್ಸಿನ ಒಂಟಿ ಜೀವಕ್ಕೆ ಆ ಪ್ರಶ್ನೆಗಿಂತ ದೊಡ್ಡ ಆಸರೆ ಯಾವುದಿದೆ?

ಬಿರುಗಾಳಿ ಕೆಡವಿದ ಮನೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಜನ ಓಡಿಬರುತ್ತಾರೆ, ಮರ ಹೊರುತ್ತಾರೆ. ಜನ ಬರದೆ ಮುಚ್ಚುವ ಮನೆಯ ಸದ್ದು ಯಾರಿಗೂ ಕೇಳಿಸದು. ಪಬ್ಬಿರಲಿ, ಗ್ರಂಥಾಲಯವಿರಲಿ, ಬೀದಿ ಮೂಲೆಯ ಹೋಟೆಲಿರಲಿ, “ಅದು ಇರಬೇಕು” ಎಂದು ದೂರದಿಂದ ಹಾರೈಸಿದರೆ ಉಳಿಯುವುದಿಲ್ಲ. ನಾವು ಅಲ್ಲಿಗೆ ಹೋಗುತ್ತಿರಬೇಕು.

ಮರುದಿನ ಸಂಜೆ ಮತ್ತೆ ನೆಪ್ಪಿಗೆ ಹೋದೆ. ಹಿರಿಯರು ಕಿಟಕಿಯ ಬಳಿ ಕೂತಿದ್ದರು. ನನ್ನನ್ನು ಕಂಡವರೇ ಪಕ್ಕದ ಕುರ್ಚಿಯ ಮೇಲಿದ್ದ ಒದ್ದೆ ಕೋಟನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.